ರಹಸ್ಯ ಕಡತ ಬಿಡ್ತೇವೆ ಅಂದರೆ ನಂಬುವುದು ಹೇಗೆ? ಹೀಗೆ ಪರೀಕ್ಷಿಸಿ

ಚುನಾವಣೆ ಹತ್ತಿರ ಬಂದರೆ ಸಾಕು, ‘ನಾವು ಗೆದ್ದರೆ ಗುಟ್ಟಿನ ಕಡತಗಳನ್ನೆಲ್ಲ ಜನರ ಮುಂದಿಡುತ್ತೇವೆ’ ಎನ್ನುವವರು ಎಲ್ಲ ದೇಶಗಳಲ್ಲೂ ಸಿಗುತ್ತಾರೆ. ಹೇಳುವುದಕ್ಕೆ ಖರ್ಚಿಲ್ಲ, ಕೇಳುವುದಕ್ಕೂ ಚೆನ್ನಾಗಿರುತ್ತದೆ. ಆ ಮಾತು ನಡೆಯಿತೋ ಇಲ್ಲವೋ ಎಂದು ನೋಡುವ ಕೆಲಸ ಮಾತ್ರ ನಮ್ಮ ತಲೆಗೆ. ಅದೇನೂ ಕಷ್ಟದ್ದಲ್ಲ, ತಾಳ್ಮೆ ಬೇಕು ಅಷ್ಟೇ.

ಮೊದಲು, ಆಡಿದ ಮಾತನ್ನು ಆಡಿದ ಹಾಗೇ ಬರೆದಿಟ್ಟುಕೊಳ್ಳಿ. ಯಾವ ಕಡತ? ಯಾರು ಬಿಡುತ್ತಾರೆ? ಯಾವ ತಾರೀಖಿನೊಳಗೆ? ಈ ಮೂರೂ ಇಲ್ಲದ ಭರವಸೆಯ ಹಿಂದೆ ಸುಮ್ನೆ ಹೊತ್ತು ಕಳೆಯಬೇಡಿ. ಅದು ಈಡೇರಿತು ಅಂತಲೂ ಹೇಳಬಹುದು, ಇಲ್ಲ ಅಂತಲೂ ಹೇಳಬಹುದು.

ಆಮೇಲೆ, ಅದೇ ಜನ ಅಧಿಕಾರದಲ್ಲಿದ್ದಾಗ ಏನು ಮಾಡಿದ್ದರು ಎಂದು ಹುಡುಕಿ. 1962ರ ಚೀನಾ ಯುದ್ಧದಲ್ಲಿ ನಾವು ಸೋತದ್ದು ಯಾಕೆ ಎಂದು ಸೇನೆಯೇ ವಿಚಾರಣೆ ಮಾಡಿಸಿತ್ತು. ಅದೇ ಹೆಂಡರ್ಸನ್ ಬ್ರೂಕ್ಸ್ ವರದಿ. 2010ರಲ್ಲಿ ರಕ್ಷಣಾ ಸಚಿವ ಎ.ಕೆ. ಆಂಟನಿ, ಅದು ತುಂಬಾ ಸೂಕ್ಷ್ಮ, ಕೊಡಲಾಗದು ಎಂದರು. 2014ರ ಮಾರ್ಚ್‌ನಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ವರದಿಯ ಒಂದು ಭಾಗವನ್ನು ಇಂಟರ್ನೆಟ್‌ಗೆ ಹಾಕಿದರು. ಆಗ ವಿರೋಧ ಪಕ್ಷದಲ್ಲಿದ್ದ ಅರುಣ್ ಜೇಟ್ಲಿ, ಇಂಥ ದಾಖಲೆಯನ್ನು ಕೊನೆಯಿಲ್ಲದಂತೆ ಬಚ್ಚಿಡುವುದು ಸರಿಯಲ್ಲ ಎಂಬ ವಾದ ಮುಂದಿಟ್ಟರು. ಅದೇ ವರ್ಷ ಜುಲೈನಲ್ಲಿ ಅವರೇ ರಕ್ಷಣಾ ಸಚಿವರು. ರಾಜ್ಯಸಭೆಗೆ ಅವರು ಕೊಟ್ಟ ಉತ್ತರ: ಬಿಡುಗಡೆ ಮಾಡುವುದು ದೇಶದ ಹಿತಕ್ಕೆ ಒಳ್ಳೆಯದಲ್ಲ. ಸರ್ಕಾರ ಬದಲಾಯಿತು, ಉತ್ತರ ಬದಲಾಗಲಿಲ್ಲ. ವಿರೋಧ ಪಕ್ಷದಲ್ಲಿದ್ದು ಕೊಟ್ಟ ಮಾತಿಗೆ ನಾನಂತೂ ಅರ್ಧ ಬೆಲೆಯನ್ನೇ ಕಟ್ಟುತ್ತೇನೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದದ್ದು ಮುಂದಿನ ಹೆಜ್ಜೆಗೆ. ‘ಆದರೆ’ ಎಂಬ ಸಾಲು ಎಲ್ಲಿದೆ, ಅದನ್ನು ಬಳಸುವ ಪೆನ್ನು ಯಾರ ಕೈಯಲ್ಲಿದೆ ಎಂದು ನೋಡಿ. ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಹತ್ಯೆಯಾದದ್ದು 1963ರಲ್ಲಿ. ಅದರ ದಾಖಲೆಗಳನ್ನು 25 ವರ್ಷದೊಳಗೆ ಪೂರ್ತಿ ಬಿಡಬೇಕು ಎಂದು 1992ರಲ್ಲಿ ಕಾನೂನೇ ಆಯಿತು. ಕೊನೆಯ ದಿನ 2017ರ ಅಕ್ಟೋಬರ್ 26. ಇಷ್ಟು ಗಟ್ಟಿ ಭರವಸೆ ಅಪರೂಪ, ಅಲ್ವಾ? ಆದರೆ ಅದೇ ಕಾನೂನಿನಲ್ಲಿ, ಬಿಟ್ಟರೆ ದೇಶಕ್ಕೆ ಹಾನಿ ಎಂದು ಅಧ್ಯಕ್ಷರು ಬರೆದುಕೊಟ್ಟರೆ ಮುಂದೂಡಬಹುದು ಎಂಬ ಸಾಲೂ ಇತ್ತು. ಡೊನಾಲ್ಡ್ ಟ್ರಂಪ್ ಆ ದಿನಕ್ಕೆ ಕೆಲವೇ ದಿನ ಮೊದಲು ‘ಬಿಡುತ್ತೇನೆ’ ಎಂದು ಟ್ವೀಟ್ ಮಾಡಿದ್ದರು. ದಿನ ಬಂದಾಗ ಸುಮಾರು 2,800 ದಾಖಲೆ ಹೊರಬಂದವು, ಉಳಿದವಕ್ಕೆ ಮತ್ತೆ ಗಡುವು. ಮುಂದೆ ಜೋ ಬೈಡನ್ ಕೂಡ 2021ರಲ್ಲಿ ಕೋವಿಡ್ ಕಾರಣ ಕೊಟ್ಟು ಮುಂದೂಡಿದರು, ಆಮೇಲೆ ಕಂತುಕಂತಾಗಿ ಬಿಟ್ಟರು. ಎರಡು ಪಕ್ಷ, ಒಂದೇ ಸಾಲು.

ದಾಖಲೆ ನಿಜವಾಗಿ ಹೊರಬಂದ ದಿನ ಪುಟಗಳ ಲೆಕ್ಕಕ್ಕೆ ಮರುಳಾಗಬೇಡಿ. 2025ರ ಮಾರ್ಚ್‌ನಲ್ಲಿ ಟ್ರಂಪ್, ಕೆನಡಿ ಹತ್ಯೆಯ ದಾಖಲೆಗಳ ಸುಮಾರು 80 ಸಾವಿರ ಪುಟ ಬರುತ್ತವೆ ಎಂದಿದ್ದರು. ಬಂದವುಗಳಲ್ಲಿ ಬಹುಪಾಲು ಹಿಂದೆಯೇ, ಅಲ್ಲಲ್ಲಿ ಕಪ್ಪು ಮಸಿ ಬಳಿದುಕೊಂಡು, ಬಂದಿದ್ದಂಥವು. ಹಾಗಾಗಿ ಹಳೆಯ ಪ್ರತಿಯನ್ನೂ ಹೊಸ ಪ್ರತಿಯನ್ನೂ ಪಕ್ಕಪಕ್ಕ ಇಟ್ಟು ಓದಿ. ಮಸಿ ಸರಿದ ಜಾಗದಲ್ಲಿ ಇರುವುದೇ ಹೊಸ ಸುದ್ದಿ. ಎಷ್ಟೋ ಸಲ ಅಲ್ಲಿ ಸಿಗುವುದು ದೊಡ್ಡ ಪಿತೂರಿಯಲ್ಲ, ಗೂಢಚಾರನೊಬ್ಬನ ಹೆಸರೋ ಒಂದು ಊರಿನ ಹೆಸರೋ.

ಎಲ್ಲ ಮಸಿಯೂ ಮೋಸವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಆ ಮಾರ್ಚ್‌ನ ಅವಸರದಲ್ಲಿ ಬದುಕಿರುವ ಜನರ ಸೋಷಿಯಲ್ ಸೆಕ್ಯುರಿಟಿ ನಂಬರ್‌ಗಳೂ (ಅಮೆರಿಕದಲ್ಲಿ ಒಬ್ಬೊಬ್ಬರಿಗೂ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಹೊರಬಿದ್ದವು. ಅವರ ತಪ್ಪೇನೂ ಇರಲಿಲ್ಲ.

ಮೂಲ ದಾಖಲೆ ಯಾರಿಗೆ ಸಿಗುತ್ತದೆ ಎಂದೂ ನೋಡಿ. 2016ರ ಜನವರಿ 23ರಂದು ನೇತಾಜಿ ಸುಭಾಷ್‌ಚಂದ್ರ ಬೋಸ್ ಅವರಿಗೆ ಸಂಬಂಧಿಸಿದ 100 ಕಡತಗಳನ್ನು ಪ್ರಧಾನಿ ನರೇಂದ್ರ ಮೋದಿ ಬಿಡುಗಡೆ ಮಾಡಿದರು. ಅವುಗಳ ಡಿಜಿಟಲ್ ಪ್ರತಿಗಳೂ ಜನರ ಕೈಗೆ ಬಂದವು. ಆಯ್ದ ಕೆಲವರನ್ನು ಕರೆದು ಫೈಲ್ ಕೈಗಿಟ್ಟು ಫೋಟೊ ತೆಗೆಸಿಕೊಳ್ಳುವುದು ಬಿಡುಗಡೆಯಲ್ಲ.

ಇಷ್ಟಾದ ಮೇಲೂ ಕಡತ ಬರದಿದ್ದರೆ ನೀವೇ ಕೇಳಿ. ಭಾರತದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, 30 ದಿನದೊಳಗೆ ಉತ್ತರ ಕೊಡಬೇಕು. ‘ಎಲ್ಲ ರಹಸ್ಯ ದಾಖಲೆ ಕೊಡಿ’ ಎಂದು ಬರೆದರೆ ಅರ್ಜಿ ಅಲ್ಲೇ ಬೀಳುತ್ತದೆ. ವಿಷಯ, ವರ್ಷ, ಇಲಾಖೆ, ಗೊತ್ತಿದ್ದರೆ ಕಡತದ ನಂಬರ್ ಬರೆಯಿರಿ. ಕಲಂ 8(1)(ಎ) ಪ್ರಕಾರ ದೇಶದ ಭದ್ರತೆಯ ಕಾರಣಕ್ಕೆ ನಿರಾಕರಿಸಬಹುದು. 20 ವರ್ಷ ಹಳೆಯ ಮಾಹಿತಿಗೆ ಬಹಳಷ್ಟು ವಿನಾಯಿತಿಗಳು ಬಿದ್ದುಹೋಗುತ್ತವೆ, ಆದರೆ ಭದ್ರತೆಯ ಈ ಕಾರಣ ಆಗಲೂ ಉಳಿಯುತ್ತದೆ. ಹಾಗಿದ್ದರೂ ಕಲಂ 10 ಇದೆ: ಕೊಡಬಾರದ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಬಹುದು. ಅರ್ಜಿಯಲ್ಲೇ ‘ಪೂರ್ತಿ ಆಗದಿದ್ದರೆ ಕಲಂ 10ರಂತೆ ಭಾಗಶಃ ಕೊಡಿ’ ಎಂದು ಸೇರಿಸಿಬಿಡಿ.

ನಿರಾಕರಿಸಿದರೆ ಕಾರಣ ಬರೆದು ಕೊಡಲೇಬೇಕು, ಯಾರಿಗೆ ಮೇಲ್ಮನವಿ ಸಲ್ಲಿಸಬೇಕು ಎಂದೂ ಹೇಳಬೇಕು. ಬರೀ ‘ಗೋಪ್ಯ ದಾಖಲೆ, ಕೊಡಲಾಗದು’ ಎಂದಿದ್ದರೆ ಆ ಪತ್ರವನ್ನು ಜೋಪಾನ ಮಾಡಿ. 30 ದಿನದೊಳಗೆ ಹಾಕುವ ಮೊದಲ ಮೇಲ್ಮನವಿಯಲ್ಲಿ ಅದನ್ನೇ ಮೊದಲ ಅಂಶ ಮಾಡಿ.