ಹೊಳೆಯಿಂದ ಶುರುವಾದ ತತ್ತ್ವಶಾಸ್ತ್ರದ ಪಾಠ

ಬಾಗಲಕೋಟೆಯ ಪದವಿ ಕಾಲೇಜೊಂದರಲ್ಲಿ ಬಿ.ಎ. ಮೊದಲ ವರ್ಷದವರಿಗೆ ತತ್ತ್ವಶಾಸ್ತ್ರ ಕಲಿಸತೊಡಗಿದಾಗ ನಾನು ಗ್ರೀಕಿನ ‘ಫಿಲೊ’ (ಪ್ರೀತಿ), ‘ಸೋಫಿಯಾ’ (ವಿವೇಕ) ಪದಗಳನ್ನು ಬಿಡಿಸಿ ಹೇಳಿ, ಅದರ ಶಾಖೆಗಳಾದ ಜ್ಞಾನಮೀಮಾಂಸೆ, ತರ್ಕಶಾಸ್ತ್ರ, ಸತ್ತಾಮೀಮಾಂಸೆ (ಇರುವುದರ ಸ್ವರೂಪದ ವಿಚಾರ), ನೀತಿಶಾಸ್ತ್ರ, ಸೌಂದರ್ಯಮೀಮಾಂಸೆಗಳ ವ್ಯಾಖ್ಯೆ ಬರೆಸುತ್ತಿದ್ದೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು, ಪ್ರಶ್ನೆ ಮಾತ್ರ ಯಾರೂ ಕೇಳುತ್ತಿರಲಿಲ್ಲ. ತಪ್ಪು ನನ್ನದೆಂದು ಅರಿವಾಗಲು ಕೆಲವು ವರ್ಷಗಳೇ ಹಿಡಿದವು.

ಒಂದು ಮಳೆಗಾಲದಲ್ಲಿ ಅನುಮಾನ ಪ್ರಮಾಣಕ್ಕೆ, ಅಂದರೆ ಕಂಡ ಗುರುತಿನಿಂದ ಕಾಣದ್ದನ್ನು ಊಹಿಸಿ ತಿಳಿಯುವ ಬಗೆಗೆ, ನೈಯಾಯಿಕರ (ನ್ಯಾಯದರ್ಶನದವರ) ಹಳೆಯ ಉದಾಹರಣೆ ಕೊಟ್ಟೆ: ತುಂಬಿ ಬಂದ ಹೊಳೆಯನ್ನು ಕಂಡು ಮೇಲ್ಗಡೆ ಮಳೆಯಾಗಿದೆಯೆಂದು ತಿಳಿಯುವುದು. ಘಟಪ್ರಭೆಯ ದಂಡೆಯ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತ. “ಮಳೀನ ಆಗಿರಬೇಕಂತೇನಿಲ್ರಿ ಸರ, ಹಿಡಕಲ್ ಡ್ಯಾಮಿನಿಂದ ನೀರ ಬಿಟ್ರೂ ಹೊಳಿ ಬರ್ತೈತ್ರಿ.” ತರಗತಿ ನಕ್ಕಿತು, ನಾನು ನಗಲಿಲ್ಲ. ಆ ದರ್ಶನದ ಮೂಲಗ್ರಂಥ ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಪೂರ್ವಪಕ್ಷದವನು (ಎದುರುವಾದಿ) ಎತ್ತುವ ಆಕ್ಷೇಪವೂ ಇದೇ: ಹರಿವಿಗೆ ತಡೆ ಬಿದ್ದರೂ ನೀರು ಏರುತ್ತದೆ, ಆದ್ದರಿಂದ ಅನುಮಾನವನ್ನು ನಂಬಲಾಗದು. ಇದಕ್ಕೆ ಆ ಗ್ರಂಥದ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉತ್ತರ ಹೊಳೆ ಕಂಡವರಿಗೆ ಕೂಡಲೇ ಹಿಡಿಸುವಂಥದು. ನೀರು ಏರಿದ್ದೊಂದನ್ನೇ ನೋಡಿ ಯಾರೂ ಮಳೆಯೆನ್ನುವುದಿಲ್ಲ. ಸೆಳವಿನ ರಭಸ, ದಟ್ಟ ನೊರೆ, ತೇಲಿ ಬರುವ ಹಣ್ಣು, ಎಲೆ, ಕಟ್ಟಿಗೆ ಇವೆಲ್ಲವನ್ನೂ ಕೂಡಿಸಿ ನೋಡಿದಾಗಲೇ ಅದು ಹೇತು, ಅಂದರೆ ಊಹೆಗೆ ಆಧಾರ, ಆಗುತ್ತದೆ. “ಡ್ಯಾಮಿನ ನೀರಿನ್ಯಾಗೂ ಕಟ್ಟಿಗಿ ಬರ್ತಾವ್ರಿ” ಎಂದು ಅವನು ಬಿಡಲೊಲ್ಲ. ಹಾಗಾದರೆ ನೀರು ಬಿಟ್ಟದ್ದು ನಿನಗೆ ಹೇಗೆ ಗೊತ್ತಾಯಿತೆಂದು ಕೇಳಿದಾಗ, ಪಂಚಾಯಿತಿಯವರು ಮೈಕಿನಲ್ಲಿ ಸಾರಿದರೆಂದ. ನಂಬಿಕಸ್ಥರ ಮಾತಿನಿಂದ ತಿಳಿಯುವ ಶಬ್ದ ಪ್ರಮಾಣ ಹೀಗೆ ತಾನಾಗಿಯೇ ತರಗತಿಗೆ ಬಂತು. ಪ್ರಾಚೀನ ಭೌತವಾದಿಗಳಾದ ಚಾರ್ವಾಕರು ಅನುಮಾನ, ಶಬ್ದ ಇವೆರಡನ್ನೂ ಒಪ್ಪದೆ ಪ್ರತ್ಯಕ್ಷವೊಂದನ್ನೇ (ಇಂದ್ರಿಯಗಳಿಂದ ನೇರ ತಿಳಿದದ್ದನ್ನೇ) ಹಿಡಿದರು ಎಂದಾಗ, ಹೊಳೆದಂಡೆಯ ಮಕ್ಕಳಿಗೆ ಅದು ಅಪಾಯದ ಮತವೆನಿಸಿತು. ನಮಗೆ ಹೇಗೆ ತಿಳಿಯುತ್ತದೆ ಎಂಬುದು ಜ್ಞಾನಮೀಮಾಂಸೆ, ತಿಳಿದದ್ದರಿಂದ ಏನು ಸಿದ್ಧವಾಗುತ್ತದೆ ಎಂಬುದು ತರ್ಕ ಎಂದು ಆಮೇಲೆ ಹೆಸರಿಟ್ಟರೆ ಸಾಕಾಯಿತು.

ಅಂದಿನಿಂದ ನಾನು ಹೆಸರುಗಳನ್ನು ಕೊನೆಗೆ ಹೇಳುತ್ತೇನೆ. ಸತ್ತಾಮೀಮಾಂಸೆಗೆ ನಮ್ಮ ಊರೇ ಸಾಕು: ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಊರಿನ ಭಾಗಗಳು ಮುಳುಗಿ ಜನ ನವನಗರಕ್ಕೆ ಬಂದ ಮೇಲೂ ಇದು ಅದೇ ಬಾಗಲಕೋಟೆಯೇ? ಊರೆಂದರೆ ನೆಲವೇ, ಮಂದಿಯೇ, ಹೆಸರೇ? ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದರೆ ಅದು ಅದೇ ಹಡಗೇ ಎಂಬ ಗ್ರೀಕರ ಸಮಸ್ಯೆಯನ್ನು ಇದಾದ ನಂತರ ಹೇಳುತ್ತೇನೆ.

ನೀತಿಶಾಸ್ತ್ರದ ದಿನ ತರಗತಿ ಬಿಸಿಯೇರುತ್ತದೆ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಹೆಚ್ಚು ಹೊಲಗಳಿಗೆ ನೀರು ಸಿಗುತ್ತದೆ, ಇನ್ನಷ್ಟು ಮನೆಗಳು ಮುಳುಗುತ್ತವೆ. ಹೆಚ್ಚು ಜನರ ಹಿತವೇ ಅಳತೆಯೆಂಬ ಇಂಗ್ಲಿಷ್ ಚಿಂತಕರಾದ ಬೆಂಥಮ್, ಮಿಲ್ ಅವರ ಪಕ್ಷವನ್ನು ಕಾಲುವೆ ನೀರು ಕಾಯುವವರ ಮಕ್ಕಳು ಹಿಡಿದರೆ, ಯಾವ ಮನುಷ್ಯನನ್ನೂ ಬರಿಯ ಸಾಧನವಾಗಿಸಬಾರದೆಂಬ ಜರ್ಮನ್ ಚಿಂತಕ ಕಾಂಟ್‌ನ ಮಾತು ಮುಳುಗಡೆಯ ಮನೆಗಳ ಮಕ್ಕಳಿಗೆ ಹತ್ತಿರವಾಗುತ್ತದೆ. ನಾನು ತೀರ್ಪು ಕೊಡುವುದಿಲ್ಲ. ಪ್ರತಿಯೊಬ್ಬರೂ ಎದುರು ಪಕ್ಷದ ಪರವಾಗಿ ಒಂದು ಪುಟ ಬರೆದು ತರಬೇಕು.

ಸೌಂದರ್ಯಮೀಮಾಂಸೆಯನ್ನು ಮಾತ್ರ ಹೊಳೆಯಿಂದ ಹೊರಡಿಸಲು ನನಗೆ ಇನ್ನೂ ಸಾಧ್ಯವಾಗಿಲ್ಲ. ವ್ಯಾಖ್ಯೆಗಳಿಗೆ ಪರೀಕ್ಷೆಯಲ್ಲಿ ಅಂಕಗಳಿರುವುದರಿಂದ, ಫಿಲೊ–ಸೋಫಿಯಾವನ್ನು ಕೊನೆಯ ವಾರದಲ್ಲಿ ಈಗಲೂ ಬರೆಸುತ್ತೇನೆ.