'ಚಾರ್ಜ್' ಅರ್ಥ ಹಿಡಿಯುವುದು ಹೇಗೆ? ಮೊದಲು ಬಂಡಿ ನೆನಪಿಸಿಕೊಳ್ಳಿ

ಸಿಂಧನೂರಿನಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೋದ ವಾರ ಒಬ್ಬ ಹುಡುಗಿ, ಅಪ್ಪ ಭತ್ತ ಮಾರಿ ತಂದ ಪಟ್ಟಿಯನ್ನು ನನ್ನ ಮುಂದೆ ಹಿಡಿದಳು. ಗುಲಾಬಿ ಕಾಗದ, ಅದರ ಮೇಲೆ ಕಾರ್ಬನ್ನಿನ ನೀಲಿ ಅಕ್ಷರ. 'ಹಮಾಲಿ ಚಾರ್ಜ್' ಅನ್ನೋ ಸಾಲಿನ ಮೇಲೆ ಬೆರಳಿಟ್ಟಳು.

"ಸರ್, ಇಲ್ಲಿ ಚಾರ್ಜ್ ಅಂದ್ರ ರೊಕ್ಕ. ಮೊಬೈಲ್‌ದಾಗ ಕರೆಂಟು. ಪೇಪರ್‌ನ್ಯಾಗ ಲಾಠಿ ಚಾರ್ಜ್. ಒಂದ ಶಬ್ದಕ್ಕ ಇಷ್ಟು ಅರ್ಥ ಹೆಂಗ್ ನೆನಪಿಡೋದ್ರಿ?"

ಉತ್ತರ ಅವಳ ಬೆರಳ ಕೆಳಗೇ ಇತ್ತು. ಹಮಾಲರು ಚೀಲ ಹೊರುತ್ತಾರೆ, ಲಾರಿಗೆ ಹೇರುತ್ತಾರೆ. 'ಚಾರ್ಜ್' ಹುಟ್ಟಿದ್ದೇ ಆ ಕೆಲಸದಿಂದ.

ಹಾಗಾಗಿ ಮೊದಲ ಹೆಜ್ಜೆ, ಬೇರು ಹಿಡಿಯುವುದು. ಲ್ಯಾಟಿನ್ ಭಾಷೆಯಲ್ಲಿ 'ಕಾರ್ರುಸ್' ಅಂದರೆ ಬಂಡಿ. ಅದರಿಂದ 'ಬಂಡಿಗೆ ಹೇರು' ಎಂಬ ಕ್ರಿಯಾಪದ ಬಂತು. ಅದು ಹಳೆಯ ಫ್ರೆಂಚ್ ಹಾದು ಇಂಗ್ಲಿಷಿಗೆ ಸೇರಿ 'ಚಾರ್ಜ್' ಆಯಿತು. ಕಾರು, ಕಾರ್ಗೋ, ಕ್ಯಾರಿ ಎಲ್ಲ ಇದೇ ಬಳ್ಳಿಯ ಕಾಯಿಗಳು. ಈಗ ನಮ್ಮ ಮಾತು ನೋಡಿ. ಬಂಡಿಗೆ ಚೀಲ ಹೇರುತ್ತೇವೆ, ತಪ್ಪು ಮಾಡಿದವನ ಮೇಲೆ ದಂಡವನ್ನೂ ಹೇರುತ್ತೇವೆ. ಕಟ್ಟಿಗೆ ಹೊರುತ್ತೇವೆ, ಹೊಣೆಯನ್ನೂ ಹೊರುತ್ತೇವೆ. ಆರೋಪವನ್ನಂತೂ ಹೊರಿಸಿಯೇ ಬಿಡುತ್ತೇವೆ. ಕನ್ನಡ ಬಲ್ಲ ಮಗುವಿಗೆ ಈ ಶಬ್ದದ ಬೀಗದಕೈ ಮೊದಲೇ ಕೈಯಲ್ಲಿದೆ. ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ.

ಎರಡನೆಯದು, 'ಏನನ್ನು ಹೇರಿದರು, ಯಾರ ಮೇಲೆ?' ಎಂದು ಕೇಳಿಕೊಳ್ಳಿ. ಗಿರಾಕಿಯ ಮೇಲೆ ಬೆಲೆ ಹೇರಿದರೆ ಬಸ್ ಚಾರ್ಜ್. ಒಬ್ಬರ ಹೆಗಲಿಗೆ ಹುದ್ದೆಯ ಹೊಣೆ ಹೇರಿದರೆ ಇನ್‌ಚಾರ್ಜ್ ಹೆಡ್‌ಮಾಸ್ತರು. ಕಚೇರಿ ಕನ್ನಡದ 'ಪ್ರಭಾರ'ದೊಳಗೂ ಭಾರ ಇದೆ, ಗಮನಿಸಿದ್ದೀರಾ? ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಊದುಕುಲುಮೆಗೆ ಮೇಲಿನಿಂದ ಅದಿರು, ಕೋಕ್, ಸುಣ್ಣದಕಲ್ಲು ತುಂಬುತ್ತಾರೆ. ಆ ತುಂಬುವ ಸರಕಿಗೂ ಚಾರ್ಜ್ ಅಂತಲೇ ಹೆಸರು. ಶಬ್ದದ ಅತಿ ಹಳೆಯ ಅರ್ಥ ಅಲ್ಲಿ ಇನ್ನೂ ಬೆಂಕಿಯ ಬಾಯಲ್ಲಿ ಬದುಕಿದೆ. ಗಣಿಯಲ್ಲಿ ಬಂಡೆ ಒಡೆಯಲು ಕುಳಿಗೆ ತುಂಬುವ ಮದ್ದೂ ಚಾರ್ಜ್, ಹಿಂದೆ ಬಂದೂಕಿಗೆ ತುಂಬುತ್ತಿದ್ದ ಮದ್ದೂ ಚಾರ್ಜ್. 1740ರ ದಶಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗಾಜಿನ ಜಾಡಿಯಲ್ಲಿ ವಿದ್ಯುತ್ ತುಂಬಿ ಪ್ರಯೋಗ ಮಾಡುವಾಗ ಇದೇ ಶಬ್ದ ಬಳಸಿದರು. ನಿಮ್ಮ ಮೊಬೈಲಿನ ಚಾರ್ಜ್ ಆ ಕಡೆಯ ಸಂಬಂಧಿ.

ಲಾಠಿ ಚಾರ್ಜಿಗೆ ಮಾತ್ರ 'ಹೇರು' ಕೂಡುವುದಿಲ್ಲ. ಅಲ್ಲಿ 'ಮೇಲೆ ಬೀಳು' ಅನ್ನಿ. ದರೋಜಿಯ ಕರಡಿ ಚಾರ್ಜ್ ಮಾಡಿತು ಎಂದರೆ ಮೈಮೇಲೆ ಏರಿ ಬಂತು ಎಂದರ್ಥ.

ಮೂರನೆಯದು ಪರೀಕ್ಷೆಯಲ್ಲಿ ಜಾಸ್ತಿ ಅಂಕ ಕಳೆಯುವ ಜಾಗ. ಶಬ್ದದ ಅಕ್ಕಪಕ್ಕದ ಚಿಕ್ಕ ಶಬ್ದಗಳನ್ನು ನೋಡಿ. 'ಚಾರ್ಜ್ ಫಾರ್' ಅಂದರೆ ಸಾಮಾನ್ಯವಾಗಿ ಹಣದ ಮಾತು. 'ಚಾರ್ಜ್ಡ್ ವಿತ್' ಅಂದರೆ ಬಹಳ ಸಲ ಆರೋಪ. 'ದ ನರ್ಸ್ ಈಸ್ ಇನ್ ಚಾರ್ಜ್ ಆಫ್ ದ ಚೈಲ್ಡ್' ಅಂದರೆ ನರ್ಸಮ್ಮ ಮಗುವನ್ನು ನೋಡಿಕೊಳ್ಳುತ್ತಾರೆ. ಮಗುವಿನ ಕಡೆಯಿಂದ ಹೇಳುವಾಗ 'ದ ಚೈಲ್ಡ್ ಈಸ್ ಇನ್ ದ ಚಾರ್ಜ್ ಆಫ್ ದ ನರ್ಸ್' ಆಗುತ್ತದೆ. ನಡುವೆ ಒಂದು 'ದ' ಸೇರಿತು, ಹೊಣೆ ಹೊತ್ತವರು ಯಾರು ಅನ್ನೋದೇ ತಿರುವುಮುರುವಾಯಿತು. ಈ ಎರಡು ವಾಕ್ಯಗಳನ್ನು ಮಕ್ಕಳಿಂದ ಹತ್ತು ಸಲ ಜೋರಾಗಿ ಹೇಳಿಸಿ. ಕಿವಿಗೆ ಹತ್ತಿದರೆ ಮತ್ತೆ ಮರೆಯುವುದಿಲ್ಲ.

ಪೇಪರ್ ಓದುವಾಗ ಇನ್ನೊಂದು ಎಚ್ಚರ ಇರಲಿ. ಚಾರ್ಜ್‌ಶೀಟ್ ಪೊಲೀಸರು ಸಲ್ಲಿಸುವುದು. ಆರೋಪ ನಿಗದಿ ಮಾಡುವುದು ಕೋರ್ಟು, ವಿಚಾರಣೆ ಅದರ ನಂತರ. ಹೊರಿಸಿದ ಮಾತ್ರಕ್ಕೆ ಸಾಬೀತಾಗಲಿಲ್ಲ. 'ಚಾರ್ಜ್ಡ್' ಎಂದು ಓದಿ 'ಅಪರಾಧಿ' ಎಂದು ಅನುವಾದಿಸಬೇಡಿ. ಒಬ್ಬರ ಮಾನದ ಪ್ರಶ್ನೆ ಅದು.

ಕೊನೆಗೆ ಶಬ್ದದ ಹಿಂದಿನ ತುಂಡು ನೋಡಿ. 'ರೀ' ಇದ್ದರೆ ಮತ್ತೆ ತುಂಬು. ಸಿಮ್ ರೀಚಾರ್ಜ್ ಇರಲಿ, ಕೊಪ್ಪಳದ ಹೊಲದಲ್ಲಿ ಮಳೆನೀರು ಇಂಗಿಸಿ ಮಾಡುವ ಬೋರ್‌ವೆಲ್ ರೀಚಾರ್ಜ್ ಇರಲಿ, ಲೆಕ್ಕ ಒಂದೇ. 'ಡಿಸ್' ಇದ್ದರೆ ಇಳಿಸು, ಬಿಡು. ಆಸ್ಪತ್ರೆಯಿಂದ ರೋಗಿ, ಬ್ಯಾಟರಿಯಿಂದ ಶಕ್ತಿ, ತುಂಗಭದ್ರಾ ಡ್ಯಾಮಿನಿಂದ ನೀರು.

ಆ ಹುಡುಗಿಗೆ ಮನೆಯ ಕರೆಂಟ್ ಬಿಲ್ಲನ್ನೂ ಓದಿಕೊಂಡು ಬಾ ಅಂದಿದ್ದೆ. ಮರುದಿನ ತಂದಳು. 'ಫಿಕ್ಸೆಡ್ ಚಾರ್ಜ್' ಎಂಬಲ್ಲಿ ಗೆರೆ ಎಳೆದಿದ್ದಳು. ಅದು ಬಳಸಿದ ಯೂನಿಟ್ಟಿಗೆ ಹಾಕುವುದಲ್ಲ, ಮನೆಗೆ ಮಂಜೂರಾದ ಕಿಲೋವ್ಯಾಟ್ ಲೆಕ್ಕಕ್ಕೆ ಹಾಕುವುದು ಎಂದೆ. ಆ ಲೆಕ್ಕ ಎಲ್ಲಿದೆ ಎಂದು ಬಿಲ್ಲಿನ ಮೇಲೆ ಬೆರಳಾಡಿಸಿದಳು. ಸಿಕ್ಕಿತು.

"ಸರ್, ಇಲ್ಲಿ 'ಲೋಡ್' ಅಂತನ ಬರದಾರ್ರಿ!"