ದುರ್ಗದ ಚಳಿಗೆ ಕಾರಿನ ಆಪತ್ತಿನ ಪೆಟ್ಟಿಗೆ: ನಾನು ಏನು ಇಟ್ಟಿದ್ದೇನೆ, ಎಲ್ಲಿ ಇಟ್ಟಿದ್ದೇನೆ

ಚಳಿಗಾಲಕ್ಕೆ ಕಾರಿನಲ್ಲಿ ಏನೇನು ಇಟ್ಟುಕೊಳ್ಳಬೇಕು ಅಂತ ಹುಡುಕಿದರೆ ಸಿಗುವ ಪಟ್ಟಿಗಳೆಲ್ಲ ಹಿಮ ಬೀಳುವ ಊರಿನವು. ಸಲಿಕೆ, ಚಕ್ರಕ್ಕೆ ಸರಪಳಿ, ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವ ಹಲಗೆ. ಚಿತ್ರದುರ್ಗ, ದಾವಣಗೆರೆ ನಡುವೆ ಓಡಾಡುವವರಿಗೆ ಇದರಲ್ಲಿ ಒಂದೂ ಬೇಡ. ಕಾರ್ತಿಕದಿಂದ ಶಿವರಾತ್ರಿವರೆಗೆ ನಮ್ಮನ್ನು ಕಾಡುವುದು ಬೇರೆ: ಬೇಸಿಗೆಯಲ್ಲಿ ಬೆಂದು ಚಳಿಯಲ್ಲಿ ಕೈಕೊಡುವ ಬ್ಯಾಟರಿ, ಭದ್ರಾ ನಾಲೆಯ ಗದ್ದೆ ಬಯಲಿನ ಮಂಜು, ಹಿಂದೆ ಒಂದು ಕೆಂಪು ಚೂರೂ ಇಲ್ಲದೆ ಹುಲ್ಲು ಹೇರಿಕೊಂಡು ಹೋಗುವ ಟ್ರ್ಯಾಕ್ಟರ್, ರಸ್ತೆಯನ್ನೇ ಕಣ ಮಾಡಿ ಹರಡಿದ ಹುರುಳಿ. ನನ್ನ ಪೆಟ್ಟಿಗೆ ಈ ನಾಲ್ಕಕ್ಕೆ ತಕ್ಕ ಹಾಗೆ ಕಟ್ಟಿದ್ದು.

ಮೊದಲು ಜಾಗದ ಮಾತು. ಎಲ್ಲವನ್ನೂ ಡಿಕ್ಕಿಗೆ ತುಂಬುವುದೇ ದೊಡ್ಡ ತಪ್ಪು. ಹಿಂದಿನಿಂದ ಯಾರಾದರೂ ಗುದ್ದಿದರೆ ಡಿಕ್ಕಿ ಬಾಗಿಲು ತೆರೆಯದೇ ಹೋಗಬಹುದು. ಕರೆಂಟಿನ ಲಾಕ್ ಇರುವ ಕಾರುಗಳಲ್ಲಿ ಬ್ಯಾಟರಿ ಸತ್ತರೂ ಹಾಗೇ ಆಗಬಹುದು. ಅದಕ್ಕೇ ಎರಡು ಭಾಗ ಮಾಡಿದ್ದೇನೆ. ಸೀಟಿನಲ್ಲಿ ಕೂತೇ ಕೈಗೆ ಸಿಗಬೇಕಾದವು ಐದು: ಬೆಂಕಿ ಆರಿಸುವ ಸಿಲಿಂಡರ್, ಬೆಲ್ಟ್ ಕೊಯ್ದು ಗಾಜು ಒಡೆಯುವ ಸುತ್ತಿಗೆ, ತಲೆಗೆ ಕಟ್ಟುವ ಟಾರ್ಚ್, ಮಿಂಚುವ ಪಟ್ಟಿಯ ಜಾಕೆಟ್, ಹಿಂದಿನ ವಾಹನಗಳಿಗೆ ಎಚ್ಚರಿಕೆಯಾಗಿ ರಸ್ತೆಯಲ್ಲಿ ಇಡುವ ಕೆಂಪು ತ್ರಿಕೋನ. ಜಾಕೆಟನ್ನು ಡಿಕ್ಕಿಯಿಂದ ತೆಗೆದು ಹಾಕಿಕೊಳ್ಳುವ ಹೊತ್ತಿಗೆ ಅದರ ಕೆಲಸದ ಅರ್ಧ ಮುಗಿದಿರುತ್ತದೆ. ಬಾಗಿಲು ತೆರೆಯುವ ಮೊದಲೇ ಮೈಮೇಲಿರಬೇಕು. ಸುತ್ತಿಗೆಯಿಂದ ಹೊಡೆಯಬೇಕಾದದ್ದು ಪಕ್ಕದ ಗಾಜಿನ ಮೂಲೆಗೆ. ಮುಂದಿನ ಗಾಜು ನಡುವೆ ಪದರ ಇಟ್ಟು ಅಂಟಿಸಿದ್ದು, ಬಿರುಕು ಬಿಡುತ್ತದೆಯೇ ಹೊರತು ಉದುರುವುದಿಲ್ಲ. ಕೆಲವು ಹೊಸ ಕಾರುಗಳ ಪಕ್ಕದ ಗಾಜೂ ಇದೇ ಜಾತಿ. ನಿಮ್ಮದು ಯಾವ ಜಾತಿ ಅಂತ ತಿಳಿಯಲು ಗಾಜಿನ ಮೂಲೆಯಲ್ಲಿ ಅಚ್ಚಾಗಿರುವ ಗುರುತನ್ನು ಈಗಲೇ ಓದಿಟ್ಟುಕೊಳ್ಳಿ.

ಹುರುಳಿ ವಿಷಯಕ್ಕೆ ಜಾಸ್ತಿ ಹೊತ್ತು ಕೊಡುತ್ತೇನೆ, ಏಕೆಂದರೆ ಬೇರೆ ಯಾವ ಪಟ್ಟಿಯಲ್ಲೂ ಇದು ಇರುವುದಿಲ್ಲ. ರಾಗಿ ಹುಲ್ಲು ಚಕ್ರದ ಕೆಳಗೆ ಪುಡಿಯಾಗುತ್ತದೆ. ಹುರುಳಿ ಬಳ್ಳಿ ಹಾಗಲ್ಲ, ಹಗ್ಗದ ಹಾಗೆ ಆಕ್ಸಲ್‌ಗೆ ಸುತ್ತಿಕೊಂಡು ಸೈಲೆನ್ಸರ್ ಪೈಪಿಗೆ ತಾಗಿ ಕೂರುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮೊದಲೇ ಕೆಂಡ. ಬಿಎಸ್ 6 ಡೀಸೆಲ್ ಕಾರಿನ ಫಿಲ್ಟರ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುವಾಗ ಒಳಗೆ 600 ಡಿಗ್ರಿ ಆಸುಪಾಸು ಇರುತ್ತದೆ. ಒಣ ಹೊಟ್ಟಿಗೆ ಅಷ್ಟು ಸಾಕು ಸಾಕು. ಓಡುವಾಗ ಗಾಳಿ ಬಡಿದು ತಣ್ಣಗಿರುವಂತೆ ಕಂಡದ್ದು ನಿಲ್ಲಿಸಿದ ಮೇಲೆ ಹೊತ್ತಿಕೊಳ್ಳಬಹುದು. ಹಾಗಾಗಿ ಒಕ್ಕಣೆ ದಾಟಿದ ಮೇಲೆ ಹುಲ್ಲಿಲ್ಲದ ಬರಿ ನೆಲ ನೋಡಿ ನಿಲ್ಲಿಸಿ, ಎಂಜಿನ್ ಆರಿಸಿ, ಬಗ್ಗಿ ನೋಡುವುದು ನನ್ನ ರೂಢಿ. ಸುತ್ತಿಕೊಂಡಿದ್ದರೆ ಕೈಯಿಂದ ಎಳೆಯಬೇಡಿ. ಚರ್ಮದ ಗ್ಲೌಸ್, ಕುಡುಗೋಲಿನ ತುಂಡು, ತುದಿ ಬಗ್ಗಿಸಿದ ಒಂದೂವರೆ ಅಡಿ ಕಬ್ಬಿಣದ ಕಡ್ಡಿ, ಈ ಮೂರನ್ನು ಒಂದು ಗೋಣಿಚೀಲದಲ್ಲಿ ಸುತ್ತಿಟ್ಟಿದ್ದೇನೆ. ಬಳ್ಳಿಯನ್ನು ಕೊಯ್ದು ಕೊಕ್ಕೆಯಿಂದ ಬಿಡಿಸಬೇಕು. ಜೋರಾಗಿ ಎಳೆದರೆ ಬ್ರೇಕ್ ಪೈಪ್, ಎಬಿಎಸ್ ವೈರು ಜೊತೆಗೇ ಬರುತ್ತದೆ.

ಬೆಂಕಿ ಆರಿಸುವ ಸಿಲಿಂಡರ್ 1 ಕೆ.ಜಿ.ಯ ಎಬಿಸಿ ಪುಡಿಯದ್ದು (ಮರ-ಬಟ್ಟೆ, ಎಣ್ಣೆ, ಗ್ಯಾಸ್ ಮೂರೂ ಬಗೆಯ ಬೆಂಕಿಗೆ ಆಗುವ ಪುಡಿ), ಐಎಸ್‌ಐ ಗುರುತು, ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿರಬೇಕು. ಎಡ ಮುಂದಿನ ಸೀಟಿನ ಮುಂಭಾಗಕ್ಕೆ ಲೋಹದ ಕ್ಲಾಂಪ್ ಹಾಕಿ ಕಟ್ಟಿದ್ದೇನೆ. ಡ್ರೈವರ್ ಕಾಲ ಬಳಿ ಇಟ್ಟರೆ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸೇರುತ್ತದೆ. ಕಾರಿನ ಕುಲುಕಾಟಕ್ಕೆ ಒಳಗಿನ ಪುಡಿ ತಳದಲ್ಲಿ ಗಟ್ಟಿಯಾಗುತ್ತದೆ, ಆದ್ದರಿಂದ ಎರಡು ತಿಂಗಳಿಗೊಮ್ಮೆ ತಲೆಕೆಳಗೆ ಮಾಡಿ ಅಲ್ಲಾಡಿಸುತ್ತೇನೆ. ಒಂದು ಕಿಲೋ ಪುಡಿ ಹತ್ತು ಸೆಕೆಂಡೂ ಬರುವುದು ಕಷ್ಟ. ಜ್ವಾಲೆಯ ತುದಿಗೆ ಹೊಡೆದರೆ ವ್ಯರ್ಥ, ಬುಡಕ್ಕೇ ಹೊಡೆಯಬೇಕು. ಬಾನೆಟ್ ಒಳಗೆ ಹೊಗೆ ಬಂದರೆ ಪೂರ್ತಿ ಎತ್ತಬೇಡಿ. ಗಾಳಿ ನುಗ್ಗಿ ಬೆಂಕಿ ಮುಖಕ್ಕೆ ಬರುತ್ತದೆ. ಒಳಗಿನ ಲಿವರ್ ಎಳೆದಾಗ ಆಗುವ ಬೆರಳಗಲ ಸಂದಿಯಲ್ಲೇ ಹೊಡೆಯಿರಿ. ಒಂದು ಸಿಲಿಂಡರ್‌ಗೆ ಆರದಿದ್ದರೆ ದೂರ ಹೋಗಿ 112ಕ್ಕೆ ಕರೆ ಮಾಡುವುದಷ್ಟೇ ಉಳಿದದ್ದು. ಸಿಎನ್‌ಜಿ ಕಾರಾದರೆ ಆ ಪ್ರಯತ್ನಕ್ಕೂ ನಿಲ್ಲಬೇಡಿ.

ಬ್ಯಾಟರಿ ಚಳಿಗೆ ಸಾಯುತ್ತದೆ ಅನ್ನುತ್ತಾರೆ. ನಮ್ಮ ಕಡೆ ಅದನ್ನು ಕೊಲ್ಲುವುದು ಏಪ್ರಿಲ್ ಬಿಸಿಲು. ಆ ಕಾವಿಗೆ ಒಳಗಿನ ಸೀಸದ ಜಾಲರಿ ಸವೆಯುತ್ತದೆ, ನೀರು ಆರುತ್ತದೆ. ಡಿಸೆಂಬರ್ ಬೆಳಗ್ಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ಸೆಲ್ಫ್ ಜಾಸ್ತಿ ಕರೆಂಟ್ ಕೇಳಿದಾಗ ಬಣ್ಣ ಬಯಲಾಗುತ್ತದೆ. ದೀಪಾವಳಿ ಹೊತ್ತಿಗೆ ಸಣ್ಣ ಮಲ್ಟಿಮೀಟರ್ ಹಿಡಿದು ಅಳೆದುಬಿಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ, ಬೆಳಗ್ಗೆ ಕೀ ತಿರುಗಿಸುವ ಮುಂಚೆ 12.6 ವೋಲ್ಟ್ ಇದ್ದರೆ ತುಂಬಿದೆ; 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬದಲಿಸುವ ಕಾಲ ಬಂತು. ಎಂಜಿನ್ ಓಡುವಾಗ 13.8ರಿಂದ 14.5 ಬರದಿದ್ದರೆ ದೋಷ ಬ್ಯಾಟರಿಯದ್ದಲ್ಲ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಿಸಿ. ಕೆಲವು ಹೊಸ ಕಾರುಗಳು ಬೇಕೆಂದೇ ಚಾರ್ಜಿಂಗ್ ತಗ್ಗಿಸುತ್ತವೆ, ಹೆಡ್‌ಲೈಟ್ ಹಾಕಿಕೊಂಡು ಅಳೆಯಿರಿ.

ಜಂಪರ್ ಕೇಬಲ್ ಕೊಳ್ಳುವಾಗ ಹೆಚ್ಚು ಜನ ಮೋಸ ಹೋಗುತ್ತಾರೆ. ಕವಚದ ಮೇಲೆ ಎಷ್ಟೇ ಆಂಪ್ ಬರೆದಿರಲಿ, ಬೆರಳು ಗಾತ್ರದ ರಬ್ಬರ್ ಒಳಗೆ ನೂಲಿನಷ್ಟು ತಂತಿ ಇರುತ್ತದೆ. ತುದಿಯ ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಪೆಟ್ರೋಲ್ ಕಾರಿಗೆ 16 ಚದರ ಮಿ.ಮೀ., ಡೀಸೆಲ್‌ಗೆ 25, ಉದ್ದ 3 ಮೀಟರ್. ನಾನು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ವೆಲ್ಡಿಂಗ್ ಕೇಬಲ್ ಮೀಟರ್ ಲೆಕ್ಕದಲ್ಲಿ ತಂದು, ತಾಮ್ರದ ಕ್ಲಿಪ್ಪಿಗೆ ಲಗ್ (ತಂತಿಯ ತುದಿಗೆ ಹಾಕುವ ಲೋಹದ ಕೊಳವೆ) ಒತ್ತಿಸಿ ಮಾಡಿಸಿಕೊಂಡೆ. ಜೋಡಿಸುವ ಕ್ರಮವನ್ನು ಬಟ್ಟೆಗೆ ಬರೆದು ಕೇಬಲ್‌ಗೇ ಕಟ್ಟಿದ್ದೇನೆ: ಸತ್ತ ಬ್ಯಾಟರಿಯ ಪ್ಲಸ್‌ಗೆ ಕೆಂಪು, ಒಳ್ಳೆಯದರ ಪ್ಲಸ್‌ಗೆ ಕೆಂಪು, ಒಳ್ಳೆಯದರ ಮೈನಸ್‌ಗೆ ಕಪ್ಪು, ಕೊನೆಯ ಕಪ್ಪು ಸತ್ತ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ. ಕೊನೆಯ ಕ್ಲಿಪ್ಪಿಗೆ ಕಿಡಿ ಹಾರುವುದು ಖಾತ್ರಿ, ಬ್ಯಾಟರಿ ಮೇಲೆ ಕಿಡಿಗೆ ಹೊತ್ತುವ ಹೈಡ್ರೋಜನ್ ಅನಿಲ ಇರುತ್ತದೆ, ಅದಕ್ಕೇ ಅದನ್ನು ದೂರ ಹಾಕುವುದು. ಒಳ್ಳೆಯ ಕಾರು ಐದು ನಿಮಿಷ ಓಡಲಿ, ಆಮೇಲೆ ಸೆಲ್ಫ್. ಬಿಚ್ಚುವಾಗ ಕೊನೆಗೆ ಹಾಕಿದ್ದು ಮೊದಲು.

ಟಯರ್ ವಿಷಯ. ಉಷ್ಣತೆ ಐದಾರು ಡಿಗ್ರಿ ಇಳಿದರೆ ಸುಮಾರು 1 ಪಿಎಸ್‌ಐ ಗಾಳಿ ಇಳಿಯುತ್ತದೆ. ಮಧ್ಯಾಹ್ನ ಬಂಕಿನಲ್ಲಿ 33 ತುಂಬಿಸಿದ ಟಯರ್ ಮರುದಿನ ನಸುಕಿನಲ್ಲಿ 30ರಲ್ಲಿರುವುದು ಹಾಗಾಗಿ. ಗಾಳಿಯ ಅಳತೆ ಬೆಳಗ್ಗೆ, ಮನೆ ಮುಂದೆಯೇ ಆಗಬೇಕು. 12 ವೋಲ್ಟಿನ ಸಣ್ಣ ಕಂಪ್ರೆಸರ್ ಇದ್ದರೆ ಸುಲಭ. ಅದು 10 ಆಂಪ್ ಎಳೆಯುತ್ತದೆ, ಎಂಜಿನ್ ಓಡಿಸಿಕೊಂಡೇ ಹಾಕಿ, ಹತ್ತು ನಿಮಿಷಕ್ಕೊಮ್ಮೆ ಆರಲು ಬಿಡಿ. ಚಳ್ಳಕೆರೆ, ಜಗಳೂರು ಕಡೆಯ ಬಳ್ಳಾರಿ ಜಾಲಿ ಮುಳ್ಳಿಗೆ ಪಂಚರ್ ಕಿಟ್: ತೂತು ಸವರುವ ಅರ, ಸೂಜಿ, ತೂತಿಗೆ ತುರುಕುವ ರಬ್ಬರ್ ಪಟ್ಟಿ ಆರು, ಮೂತಿ ಚೂಪಾದ ಇಕ್ಕಳ, ಬ್ಲೇಡ್. ಮುಳ್ಳು ನೆಲ ತಾಗುವ ಭಾಗದಲ್ಲಿದ್ದರೆ ಮಾತ್ರ ಪಟ್ಟಿ. ಪಕ್ಕದ ಗೋಡೆಯಲ್ಲಿದ್ದರೆ ಸ್ಟೆಪ್ನಿಯೇ ಗತಿ. ಆ ಸ್ಟೆಪ್ನಿಗೆ ಯಾರೂ ಗಾಳಿ ನೋಡುವುದಿಲ್ಲ. ನಾನು 4 ಪಿಎಸ್‌ಐ ಹೆಚ್ಚೇ ಇಡುತ್ತೇನೆ, ಇಳಿಸುವುದು ತುಂಬುವುದಕ್ಕಿಂತ ಸುಲಭ.

ಎರೆ ಮಣ್ಣಿನ ಅಂಚಿನಲ್ಲಿ ಜಾಕ್ ಇಟ್ಟರೆ ಕಾರು ಮೇಲೇರುವುದಿಲ್ಲ, ಜಾಕ್ ಕೆಳಗಿಳಿಯುತ್ತದೆ. ಒಂದಡಿ ಚೌಕದ, ಒಂದು ಇಂಚು ದಪ್ಪದ ಪ್ಲೈವುಡ್ ತುಂಡು ಇದಕ್ಕೆ ಮದ್ದು. ಪಾನಾಕ್ಕೆ ಎರಡಡಿ ಕಬ್ಬಿಣದ ಪೈಪು ಸಿಗಿಸಿದರೆ ಅಂಗಡಿಯವರು ಗನ್ನಿನಿಂದ ಬಿಗಿದ ನಟ್ಟೂ ಬರುತ್ತದೆ. ಆ ಪೈಪನ್ನು ಬಿಗಿಯಲು ಮಾತ್ರ ಬಳಸಬೇಡಿ, ಬೋಲ್ಟ್ ತುಂಡಾದೀತು. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್. ಚಕ್ರಕ್ಕೆ ಅಡ್ಡ ಇಡಲು ಮರದ ಬೆಣೆ ಎರಡು ಇವೆ. ಕಲ್ಲು ಇಟ್ಟವರು ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುವುದರಿಂದ ಆಗುವ ಅನಾಹುತ ಬೇರೆ.

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನಿಂತ ಕಾರೇ ಅಪಾಯ. ಹರಿಹರದ ಹೊಳೆ ಬದಿ, ನಾಲೆ ನೀರಿನ ಗದ್ದೆ ಪಕ್ಕ ಬೆಳಗಿನ ಮಂಜಿಗೆ ಹಿಂದಿನ ಲಾರಿಗೆ ನೀವು ಕಾಣುವುದು ತೀರ ಹತ್ತಿರ ಬಂದ ಮೇಲೆ. ತ್ರಿಕೋನವನ್ನು ನೂರು ಹೆಜ್ಜೆ ಹಿಂದೆ, ತಿರುವಿದ್ದರೆ ತಿರುವಿಗೂ ಮುಂಚೆ ಇಡುತ್ತೇನೆ, ಹೋಗುವಾಗ ಅದನ್ನು ಎದೆಗೆ ಹಿಡಿದು ರಸ್ತೆಯ ಅಂಚಿನಾಚೆ ನಡೆದು. ದುರ್ಗದ ಗಾಳಿಗಿರಣಿ ಗುಡ್ಡಗಳ ಕಡೆಯ ಗಾಳಿಗೆ, ಲಾರಿ ಹಾದಾಗಲೂ, ಹಗುರ ತ್ರಿಕೋನ ಮಗುಚುತ್ತದೆ. ಕಾಲಿಗೆ ಸಿಕ್ಕಿಸಲು ಅರ್ಧ ಕಿಲೋ ಮರಳಿನ ಪುಟ್ಟ ಚೀಲ ಹೊಲಿಸಿದ್ದೇನೆ. ಆಮೇಲೆ ಎಲ್ಲರೂ ತಡೆಗಂಬಿಯ ಆಚೆ, ಕಾರಿನೊಳಗೆ ಯಾರೂ ಕೂರಬಾರದು. ಹೆದ್ದಾರಿ ಸಹಾಯಕ್ಕೆ 1033, ಆಂಬುಲೆನ್ಸ್‌ಗೆ 108. ಓಡಿಸುವಾಗ ನಾಲ್ಕೂ ಇಂಡಿಕೇಟರ್ ಮಿಣುಕಿಸಬೇಡಿ, ನೀವು ನಿಂತಿದ್ದೀರೋ ತಿರುಗುತ್ತೀರೋ ಹಿಂದಿನವರಿಗೆ ತಿಳಿಯುವುದಿಲ್ಲ. ಗಾಜಿನ ಒಳಗೆ ಮಬ್ಬಾದರೆ ಎಸಿ ಹಾಕಿ, ಬಿಸಿ ಕಡೆ ತಿರುಗಿಸಿ, ಹೊರಗಾಳಿ ತೆರೆಯಿರಿ. ಎಸಿ ತೇವ ಹೀರುತ್ತದೆ.

ಹೊದೆಯಲು ಏನು ಅಂತ ಕೇಳಿದರೆ, ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕರಿ ಕಂಬಳಿ. ಸಿಂಥೆಟಿಕ್ ರಗ್ಗು ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ, ಉಣ್ಣೆ ಹೊತ್ತುವುದೇ ಕಷ್ಟ, ಕಿಡಿ ತಾಗಿದರೆ ಕಮರಿ ಆರುತ್ತದೆ. ಹೊದೆಯಲು, ಗಾಯಾಳುವನ್ನು ಬೆಚ್ಚಗಿಡಲು, ಕಾರಿನ ಕೆಳಗೆ ಮಲಗಲು ಒಂದೇ ಕಂಬಳಿ. ಚುಚ್ಚುತ್ತದೆ, ನಿಜ. ನುಸಿ ಹಿಡಿಯದಂತೆ ಮಡಿಕೆಯಲ್ಲಿ ಒಣ ಬೇವಿನ ಸೊಪ್ಪು ಹಾಕುತ್ತೇನೆ.

ಉಳಿದದ್ದು ಚುಟುಕಾಗಿ: ಕುಡಿಯುವ ನೀರು 5 ಲೀಟರ್, ಬೆರೆಸಿಟ್ಟ ಕೂಲೆಂಟ್ 1 ಲೀಟರ್, 10, 15, 20 ಆಂಪ್ ಫ್ಯೂಸ್ ಎರಡೆರಡು, ಇನ್ಸುಲೇಶನ್ ಟೇಪ್, ಹತ್ತು ಕೇಬಲ್ ಟೈ, 4 ಮೀಟರ್ ಎಳೆಯುವ ಪಟ್ಟಿ. ಔಷಧದ ಡಬ್ಬಿಯಲ್ಲಿ ಮಾತ್ರೆಗಿಂತ ಬಟ್ಟೆ ಜಾಸ್ತಿ: ದೊಡ್ಡ ಗಾಜ್ ಪ್ಯಾಡ್ ಹತ್ತು, 10 ಸೆಂ.ಮೀ. ಬ್ಯಾಂಡೇಜ್ ನಾಲ್ಕು, ತ್ರಿಕೋನ ಬಟ್ಟೆ ಎರಡು, ಗ್ಲೌಸ್, ಕತ್ತರಿ, ಒಆರ್‌ಎಸ್. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಕಾನೂನಿನ ಕಾಟದಿಂದ ಕಾಯಲು 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 134ಎ ಕಲಂ ಸೇರಿದೆ. ಇದನ್ನು ಡಬ್ಬಿಯ ಮುಚ್ಚಳದ ಒಳಗೆ ಬರೆದು ಅಂಟಿಸಿದ್ದೇನೆ. ತಿನ್ನಲು ಶೇಂಗಾ ಚಿಕ್ಕಿ. ದಾವಣಗೆರೆಯವರಿಗೆ ಮಂಡಕ್ಕಿ ಬಿಟ್ಟಿರಲಾಗದು, ಆದರೆ ಡಿಕ್ಕಿಯಲ್ಲಿ ಎರಡೇ ದಿನಕ್ಕೆ ಮೆತ್ತಗಾಗುತ್ತದೆ.

ಕೈಗೆ ಸಿಗಬೇಕಾದ ಆ ಐದನ್ನು ಬಿಟ್ಟು ಉಳಿದೆಲ್ಲವನ್ನೂ ಮುಚ್ಚಳದ ಪ್ಲಾಸ್ಟಿಕ್ ಕ್ರೇಟಿಗೆ ಹಾಕಿ, ಡಿಕ್ಕಿಯಲ್ಲಿ ಹಿಂದಿನ ಸೀಟಿನ ಬೆನ್ನಿಗೆ ಒತ್ತಿಸಿ ಬೆಲ್ಟಿನಿಂದ ಬಿಗಿದಿದ್ದೇನೆ. ಕಟ್ಟದ ಜಾಕ್ ಅಪಘಾತದಲ್ಲಿ ಗುಂಡಿನ ಹಾಗೆ ಹಾರುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ ಮೇಲೆ ಕಂಬಳಿ ಮನೆಗೆ. ಲಿಥಿಯಂ ಬ್ಯಾಟರಿಯ ಪವರ್ ಬ್ಯಾಂಕು, ಜಂಪ್ ಸ್ಟಾರ್ಟರ್ ಇದ್ದರೆ ಅವೂ ಒಳಗೆ. ಬಿಸಿಲಲ್ಲಿ ಮುಚ್ಚಿದ ಕಾರಿನ ಕಾವು ಅವುಗಳಿಗೆ ಆಗದು. ಟಾರ್ಚಿನ ಸೆಲ್ ತೆಗೆದು ಪಕ್ಕದಲ್ಲಿಡಿ, ನೀರು ಬದಲಿಸಿ. ಸಿಲಿಂಡರ್, ತ್ರಿಕೋನ, ಸುತ್ತಿಗೆ ಇದ್ದಲ್ಲೇ ಇರಲಿ.